ಪಡಿವಾಳರ ಕಟ್ಟಡದ ನಡುಗಂಬ

“ಕೈ ತೆಗೆ! ಆ ಕಂಬದಿಂದ ಕೈ ತೆಗೆ ಅಂತ ಹೇಳಿದ್ದು ನಾನು!”

ಹನ್ನೊಂದು ವರ್ಷದ ಸಂಸಾರದಲ್ಲಿ ಮಾವ ವಿಜಯರಾಜ ಪಡಿವಾಳರ ಬಾಯಿಂದ ಅಷ್ಟು ದೊಡ್ಡ ಸ್ವರ ಬಂದದ್ದನ್ನು ತ್ರಿಶಲಾ ಕೇಳಿರಲಿಲ್ಲ. ಸಿಟ್ಟು ಬಂದರೆ ಮಾತು ಬಿಡುವವರು ಅವರು, ಕೂಗುವವರಲ್ಲ. ನೆಲದಲ್ಲಿ ಇರುವೆ ಸಾಲು ಕಂಡರೆ ಎರಡು ಹೆಜ್ಜೆ ಸುತ್ತಿ ಹೋಗುವ, ಸೂರ್ಯ ಮುಳುಗಿದ ಮೇಲೆ ಒಂದು ಗುಟುಕು ನೀರನ್ನೂ ಮುಟ್ಟದ, ಎಪ್ಪತ್ತಾರು ವರ್ಷದ ಆ ಮೆಲುಮಾತಿನ ಮನುಷ್ಯ, ಅಂಗಡಿಯಲ್ಲಿ ಕೊಡಪಾನ ನೋಡುತ್ತಿದ್ದ ಇಬ್ಬರು ಗಿರಾಕಿಗಳ ಎದುರಿನಲ್ಲೇ ಸೊಸೆಯ ಮೇಲೆ ಹಾಗೆ ಎಗರಿಬಿದ್ದಿದ್ದರು! ಅವಳೇನು ಕೊಡಲಿ ಹಿಡಿದಿದ್ದಳೇ? ಕೈಯಲ್ಲಿದ್ದದ್ದು ಒಂದು ಅಳತೆಯ ಟೇಪು. ಅದನ್ನು ಕಂಬದ ಸುತ್ತ ಹಿಡಿದದ್ದು, ಅಷ್ಟೇ…

“ಅಳತೆ ನೋಡಿದ್ದು ಮಾವ…” ಎಂದಳು, ಕೈ ಹಿಂದೆ ಎಳೆದುಕೊಂಡು.

“ಉಳಿದದ್ದು ಏನು ಬೇಕಾದರೂ ಅಳೆದುಕೊ. ಗೋಡೆ ಅಳೆ, ಜಗಲಿ ಅಳೆ. ನಡುಗಂಬ ಮುಟ್ಟಲಿಕ್ಕಿಲ್ಲ. ಮತ್ತೆ ಉಪ್ಪರಿಗೆ ಮೇಲೆ ಭಾರ ಹಾಕ್ಲಿಕ್ಕಿಲ್ಲ. ಈ ಎರಡು ಮಾತು ನಡೆಯುವುದಾದರೆ ನಿನ್ನ ಕೆಲಸ ಶುರುಮಾಡು. ಇಲ್ಲದಿದ್ದರೆ ಮೇಘಾ ಹೇಳಿದ ಹಾಗೆ ಮಾರಿಬಿಡುವ.”

ಯಾಕೆ ಎಂದು ಕೇಳುವ ಧೈರ್ಯ ತ್ರಿಶಲಾಗೆ ಬರಲಿಲ್ಲ. ಪಕ್ಕದಲ್ಲಿದ್ದ ಗಂಡ ಅಂಕಿತ್, ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸುತ್ತಾ ನಿಂತಿದ್ದ. ಅಪ್ಪ ಮತ್ತು ಹೆಂಡತಿಯ ನಡುವೆ ಮಾತು ಬೆಳೆದಾಗಲೆಲ್ಲ ಅಂಗಡಿಯ ಪಾತ್ರೆಗಳು ಫಳಫಳ ಹೊಳೆಯುತ್ತಿದ್ದವು ಪಾಪ!

ಮೂಡುಬಿದಿರೆಯ ಜೈನ್ ಪೇಟೆಯ ಆ ಎರಡಂತಸ್ತಿನ ಹಂಚಿನ ಕಟ್ಟಡವನ್ನು ಕಟ್ಟಿಸಿದ್ದು ವಿಜಯರಾಜರ ತಾಯಿ. ಕೆಳಗೆ ನಾಲ್ಕು ಅಂಗಡಿ, ಮೇಲೆ ಮರದ ಹಲಗೆ ಹಾಸಿದ ಒಂದೇ ಉದ್ದ ಉಪ್ಪರಿಗೆ, ಹಿಂದೆ ಒಂದು ಬಾಗಿಲು ದಾಟಿದರೆ ಮನೆ. ಪೇಟೆಯ ಹೆಚ್ಚಿನ ವ್ಯಾಪಾರ ಬಸ್ ನಿಲ್ದಾಣದ ಕಡೆಗೆ ಹೋದ ಮೇಲೆ ಎರಡು ಅಂಗಡಿಗಳಿಗೆ ಬೀಗ ಬಿದ್ದಿತ್ತು. ಉಳಿದದ್ದು ಪಡಿವಾಳರ ಪಾತ್ರೆ ಅಂಗಡಿ, ಅದಕ್ಕೆ ಅಂಟಿಕೊಂಡ ಯಾಕೂಬರ ಹೊಲಿಗೆ ಅಂಗಡಿ. ಲಾಯಿಲಕ್ಕೆ ಮದುವೆಯಾಗಿ ಹೋದ ವಿಜಯರಾಜರ ಹಿರಿಮಗಳು ಮೇಘಾ ಬಂದಾಗಲೆಲ್ಲ ಒಂದೇ ರಾಗ: “ಕೆಡವಿ ಕಾಂಪ್ಲೆಕ್ಸ್ ಕಟ್ಟುವವರು ಕೇಳ್ತಾ ಇದ್ದಾರೆ. ಈ ಹಳೆ ಪೆಟ್ಟಿಗೆ ಇಟ್ಟುಕೊಂಡು ಎಂತ ಮಾಡ್ತೀರಿ?”

ಆಗ ಎದ್ದು ನಿಂತವಳು ತ್ರಿಶಲಾ. ಸಿದ್ಧಕಟ್ಟೆಯಲ್ಲಿ ದಿನಸಿ ಅಂಗಡಿ ಇಟ್ಟಿದ್ದವರ ಮಗಳು. ಇಂಜಿನಿಯರಿಂಗ್ ಓದಿದವಳಲ್ಲ. ಆದರೆ ಒಂದು ಅಂಗಡಿಗೆ ಜನ ಯಾಕೆ ಹತ್ತುತ್ತಾರೆ, ಯಾಕೆ ಹತ್ತುವುದಿಲ್ಲ ಎಂದು ಚಿಕ್ಕಂದಿನಿಂದ ನೋಡುತ್ತಾ ಬೆಳೆದವಳು. “ಕೆಡವುವುದು ಬೇಡ ಮೇಘಕ್ಕ. ಮುಖ ತೊಳೆದರೆ ಸಾಕು ಇದಕ್ಕೆ. ಎದುರಿಗೆ ಹೊಡೆದ ತಗಡು ತೆಗೆಯುವ. ಮುಚ್ಚಿದ ಜಗಲಿ ಬಿಡಿಸುವ, ಜನ ಕೂತುಕೊಳ್ಳಲಿ. ಮಾಡಿಗೆ ಹತ್ತು ಹನ್ನೆರಡು ಗಾಜಿನ ಹಂಚು ಇಟ್ಟರೆ ಉಪ್ಪರಿಗೆಗೆ ಬೆಳಕು ಬರ್ತದೆ. ದೀಪಾವಳಿಯವರೆಗೆ ಸಮಯ ಕೊಡಿ. ಅಷ್ಟರಲ್ಲಿ ಬೀಗ ಹಾಕಿದ ಜಾಗಕ್ಕೆಲ್ಲ ಜನ ಬಾರದಿದ್ದರೆ ನಾನೇ ಮಾರಾಟದ ಕಾಗದ ಹಿಡಿದುಕೊಂಡು ಲಾಯಿಲಕ್ಕೆ ಬರ್ತೇನೆ.”

“ನೆನಪಿರ್ಲಿ, ದೀಪಾವಳಿ!” ಎಂದಿದ್ದಳು ಮೇಘಾ, ಬೆರಳು ತೋರಿಸಿ. ಹಾಗೆ ಹೊರಟಿತ್ತು ಕೆಲಸ. ಅಲ್ಲಿಗೆ ಬಂದು ನಿಂತಿತ್ತು ಈ ಕಂಬ.

ಆ ಕಂಬವೂ ವಿಚಿತ್ರವಾದದ್ದೇ. ಪಾತ್ರೆ ಅಂಗಡಿಗೂ ಯಾಕೂಬರ ಅಂಗಡಿಗೂ ನಡುವೆ, ಉಪ್ಪರಿಗೆಯ ದೊಡ್ಡ ತೊಲೆಯನ್ನು ಹೊತ್ತು ನಿಂತ ಮರದ ಕಂಬ. ಅತ್ತೆ ತೀರಿಕೊಂಡ ವರ್ಷ, ಅಂದರೆ ಎಂಟು ವರ್ಷದ ಹಿಂದೆ, ಮಾವ ಅದರ ಸುತ್ತ ಹಲಸಿನ ಹಲಗೆ ಹೊಡೆಸಿ, ವಾರ್ನಿಷ್ ಬಳಿಸಿ, ಮೇಲೆ ಪಾರ್ಶ್ವನಾಥ ಸ್ವಾಮಿಯ ಪಟ ತೂಗುಹಾಕಿದ್ದರು. ದಿನವೂ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಅದಕ್ಕೆ ಕೈಮುಗಿದು, ಒಂದು ಗಳಿಗೆ ಕಿವಿಗೊಟ್ಟವರಂತೆ ನಿಲ್ಲುತ್ತಿದ್ದರು. ಹೆಂಡತಿಯ ನೆನಪಿನ ಭಕ್ತಿ ಎಂದುಕೊಂಡಿತ್ತು ಪೇಟೆ. ತ್ರಿಶಲಾಳೂ ಹಾಗೆಯೇ ಎಂದುಕೊಂಡಿದ್ದಳು… ಆದರೆ ಅವತ್ತು ಅವರ ಕಣ್ಣಿನಲ್ಲಿ ಕಂಡದ್ದು ಭಕ್ತಿಯಲ್ಲ. ಹೆದರಿಕೆ!

ಕೆಲಸಕ್ಕೆ ಬಂದವನು ಜತ್ತಪ್ಪ. ಮರದ ಕೆಲಸದಲ್ಲಿ ಪಳಗಿದ ಕೈ, ಬಾಯಿ ಅದಕ್ಕಿಂತ ಚುರುಕು. ತಗಡು ಇಳಿದ ದಿನ ಬೀದಿಯ ಜನವೆಲ್ಲ ನಿಂತು ನೋಡಿದರು. ಒಳಗೆ ಕೆತ್ತನೆಯ ಮರದ ಪಟ್ಟಿ, ಎರಡು ಹಂಸ, ನಡುವೆ ಒಂದು ಕಮಲ! ಇಷ್ಟು ವರ್ಷ ತಗಡಿನ ಹಿಂದೆ ಉಸಿರು ಕಟ್ಟಿಕೊಂಡಿದ್ದವು. ಜಗಲಿಗೆ ಕೆಂಪು ರೆಡಾಕ್ಸೈಡ್ ತೀಡಿಸಿದರು, ಗೋಡೆಗೆ ಸುಣ್ಣ ಕೊಟ್ಟರು, ಮುದುಕರು ಹತ್ತಲೆಂದು ಮೆಟ್ಟಿಲ ಪಕ್ಕ ಇಳಿಜಾರು ಮಾಡಿದರು. ನಾಲ್ಕೂ ಅಂಗಡಿಗೆ ಒಂದೇ ಅಳತೆಯ ಕೈಬರಹದ ಬೋರ್ಡು. ಗಾಜಿನ ಹಂಚು ಕೂರಿಸಿದ ಬೆಳಿಗ್ಗೆ ಉಪ್ಪರಿಗೆಯಲ್ಲಿ ಬಿಸಿಲು ಚೌಕಚೌಕವಾಗಿ ಬಿದ್ದಾಗ, ತ್ರಿಶಲಾ ಚಿಕ್ಕ ಹುಡುಗಿಯ ಹಾಗೆ ಒಂದು ಚೌಕದಿಂದ ಇನ್ನೊಂದಕ್ಕೆ ನಡೆದಾಡಿದಳು. ಗೋಡೆಯ ಮೂಲೆಯಲ್ಲಿ ಗೆದ್ದಲಿನ ಮಣ್ಣಿನ ಗೆರೆಗಳು ಕಾಣಿಸಿದವು. ಒಂದು ವಾರ ಬಿಟ್ಟು ನೋಡಿದರೆ ಒಣಗಿ ಪುಡಿಯಾಗಿದ್ದವು.

“ನೋಡಿ, ಬೆಳಕು ಬಿದ್ದದ್ದೇ ಗೆದ್ದಲು ಬಿಟ್ಟು ಹೋಯ್ತು!” ಎಂದು ಗಂಡನಿಗೆ ಹೇಳಿ ನಕ್ಕಳು. ಬೆಳಕಿಗೆ ಹೆದರಿದ ಜೀವ ಕತ್ತಲೆ ಹುಡುಕಿಕೊಂಡು ಹೋಗುತ್ತದೆ. ಆ ಕಟ್ಟಡದಲ್ಲಿ ಇನ್ನು ಕತ್ತಲೆ ಉಳಿದದ್ದು ಎಲ್ಲಿ ಎಂದು ಮಾತ್ರ ಅವಳು ಯೋಚಿಸಲಿಲ್ಲ.

ಯೋಚಿಸಿದವನು ಜತ್ತಪ್ಪ. ಒಂದು ದಿನ ಧಣಿ ವಿಜಯರಾಜರು ಬಸದಿಗೆ ಹೋದ ಹೊತ್ತು ನೋಡಿ, ನಡುಗಂಬದ ಹಲಗೆಗೆ ಬೆರಳಿನ ಗೆಣ್ಣಿನಿಂದ ಮೇಲಿಂದ ಕೆಳಗಿನವರೆಗೆ ಬಡಿಯುತ್ತಾ ಬಂದ. ಮೊಣಕಾಲಿನ ಎತ್ತರಕ್ಕೆ ಬಂದಾಗ ಬೆರಳು ನಿಂತಿತು.

“ಅಕ್ಕ, ಇಲ್ಲಿ ಬನ್ನಿ. ಕಿವಿ ಇಡಿ.”

ತ್ರಿಶಲಾ ಕಿವಿ ಇಟ್ಟಳು. ಒಣ ಎಲೆಯ ಮೇಲೆ ಯಾರೋ ಬಹಳ ಮೆಲ್ಲಗೆ ಕೈಯಾಡಿಸಿದ ಹಾಗೆ… ಸರಸರ… ನಿಂತಿತು. ಮತ್ತೆ ಸರಸರ.

“ಗಾಳಿಯಾ ಜತ್ತಪ್ಪಣ್ಣ?”

“ಪೆಟ್ಟಿಗೆಯ ಒಳಗೆ ಎಂಥ ಗಾಳಿ? ಒಂದು ಹಲಗೆ ಬಿಚ್ಚಿ ನೋಡುವ. ಐದು ನಿಮಿಷದ ಕೆಲಸ.”

“ನೋಡ್ಲಿಕ್ಕೆ ಬೇಡ!”

ಬಾಗಿಲಿನಲ್ಲಿ ವಿಜಯರಾಜರು! ಹಣೆಯ ಗಂಧ ಇನ್ನೂ ಒಣಗಿರಲಿಲ್ಲ. “ಜತ್ತಪ್ಪ, ನಿನ್ನ ಸಾಮಾನು ಕಟ್ಟು. ಇವತ್ತಿನ ಕೂಲಿ ತೆಗೆದುಕೊಂಡು ಹೋಗು. ನಾಳೆಯಿಂದ ಬರುವುದು ಬೇಡ.”

“ಧಣಿ, ನಾನು ಹೇಳುವುದು ಸ್ವಲ್ಪ ಕೇಳಿ. ಬೇರೆ ಜೈನರ ಮನೆಗಳಲ್ಲಿ ಕೂಡ ನಾನು ಕೆಲಸ ಮಾಡಿದ್ದೇನೆ. ಅವರು ಗೆದ್ದಲು ಬರುವ ಮೊದಲೇ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಸ್ತಾರೆ. ಬಂದ ಮೇಲೆ…”

“ಹೋಗು ಅಂತ ಹೇಳಿದೆನಲ್ಲ!”

ಜತ್ತಪ್ಪ ಉಳಿ ಸುತ್ತಿಗೆ ಚೀಲಕ್ಕೆ ತುಂಬಿಸಿ ಮೆಟ್ಟಿಲು ಇಳಿದ. ಜಗಲಿಯ ಕೊನೆಯವರೆಗೆ ಬಂದ ತ್ರಿಶಲಾಗೆ ಮೆಲ್ಲಗೆ ಹೇಳಿದ: “ಅಕ್ಕ, ನೀವು ಈ ಕಟ್ಟಡಕ್ಕೆ ಸೀರೆ ಉಡಿಸಿದ್ದು ಚಂದ ಆಗಿದೆ. ಆದರೆ ಅದರ ಬೆನ್ನಿನಲ್ಲಿ ಎಂತ ಉಂಟು ಅಂತ ನೋಡದೆ ಅದನ್ನು ಕುಣಿಸಬೇಡಿ.”

ಆ ಮಾತು ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು. ಸಂಜೆ ಗಂಡನನ್ನು ಹಿಡಿದು ಕೇಳಿದಳು. “ಅಪ್ಪನ ವಿಷಯ ನಿನಗೆ ಗೊತ್ತುಂಟಲ್ಲ ಮಾರಾಯ್ತಿ,” ಎಂದ ಅಂಕಿತ್. “ಅಮ್ಮ ಹೋದ ಮೇಲೆ ಮುನಿಗಳ ಎದುರು ವ್ರತ ತೆಗೆದುಕೊಂಡಿದ್ದಾರೆ. ಆ ಪಟ, ಆ ಕಂಬ… ಅವರ ಮನಸ್ಸು. ಕೆದಕುವುದು ಬೇಡ. ಕಣ್ಣಿನ ಆಪರೇಷನ್ ಬೇರೆ ಹತ್ತಿರ ಬಂತು.”

ಆ ಆಪರೇಷನ್ನಿಗಾಗಿ ಮಾವ ಬೆಳ್ತಂಗಡಿಗೆ ಹೋದರು. ಪೊರೆ ತೆಗೆಸಿ ಲಾಯಿಲದ ಮಗಳ ಮನೆಯಲ್ಲಿ ಒಂದು ತಿಂಗಳು ಇರುವುದೆಂದು ನಿಶ್ಚಯವಾಯಿತು. ಬಸ್ಸು ಹತ್ತುವಾಗಲೂ ತಿರುಗಿ ನಿಂತು, “ಉಪ್ಪರಿಗೆಗೆ ಭಾರ ಬೇಡ, ನೆನಪಿಟ್ಟುಕೊ,” ಎಂದರು. ಆ ಸ್ವರದಲ್ಲಿ ಈಗ ಗದರಿಕೆ ಇರಲಿಲ್ಲ. ಬೇಡಿಕೊಂಡ ಹಾಗಿತ್ತು.

ಇತ್ತ ಕಟ್ಟಡಕ್ಕೆ ನಿಜವಾಗಿಯೂ ಜೀವ ಬಂತು. ಜಗಲಿಯಲ್ಲಿ ಮಧ್ಯಾಹ್ನ ಮುದುಕರು ಕೂತು ಪೇಪರು ಓದಲು ತೊಡಗಿದರು. ಬೀಗ ಬಿದ್ದ ಒಂದು ಅಂಗಡಿಗೆ ಹೂವಿನವರು ಬಂದರು, ಇನ್ನೊಂದಕ್ಕೆ ಹೋಮಿಯೋಪಥಿ ಡಾಕ್ಟರು. ಯಾಕೂಬರಿಗಂತೂ ಪುರುಸೊತ್ತೇ ಇಲ್ಲ. ಮೂವತ್ತು ವರ್ಷದಿಂದ ಅದೇ ಮೂಲೆಯಲ್ಲಿ ಕಾಲಿನಲ್ಲಿ ಮಷಿನ್ ತುಳಿಯುತ್ತಾ ಬಂದ ಮನುಷ್ಯ.

“ಅಕ್ಕ, ನಿಮ್ಮ ಕಟ್ಟಡಕ್ಕೆ ನನ್ನ ಮೇಲೆ ಪ್ರೀತಿ ಜಾಸ್ತಿ ಆಗಿದೆ ಗೊತ್ತುಂಟಾ?” ಎಂದರು ಒಂದು ದಿನ, ಹೊಲಿದಿಟ್ಟ ಕಪ್ಪು ಬುರ್ಖಾವನ್ನು ಕೊಡವುತ್ತಾ. “ದಿನಾ ಬೆಳಿಗ್ಗೆ ಬಂದರೆ ಬಟ್ಟೆಗೆಲ್ಲ ಪೌಡರ್ ಹಾಕಿ ಇಟ್ಟಿರ್ತದೆ. ಮದುಮಗಳಿಗೆ ಹಾಕಿದ ಹಾಗೆ!”

ತ್ರಿಶಲಾ ನಕ್ಕಳು. ಆದರೆ ಆ ಬಟ್ಟೆಯ ಮೇಲಿದ್ದ ಹಳದಿ ಹುಡಿಯನ್ನು ಬೆರಳಿನಲ್ಲಿ ತೆಗೆದು ಉಜ್ಜಿದಾಗ ನಗು ಅರ್ಧಕ್ಕೇ ನಿಂತಿತು. ಸುಣ್ಣವಲ್ಲ. ಮಣ್ಣೂ ಅಲ್ಲ. ರಾಗಿ ಹಿಟ್ಟಿನಷ್ಟು ನಯ… ಮೇಲೆ ನೋಡಿದಳು. ತೊಲೆ ಕಂಬದ ಮೇಲೆ ಕೂತ ಜಾಗದಲ್ಲಿ ಕೂದಲೆಳೆಯಷ್ಟು ಒಂದು ಸಂದು. ಮೊದಲು ಇತ್ತೋ? ಇರಲಿಲ್ಲವೋ? ಮಾವ ಬಂದ ಮೇಲೆ ಏನಾದರಾಗಲಿ, ಕೇಳಿಯೇಬಿಡಬೇಕು ಎಂದುಕೊಂಡಳು.

ಅಷ್ಟರಲ್ಲಿ ಶೀನಪ್ಪ ಮಾಸ್ಟರು ಬಂದರು. ಊರಿನ ಮಕ್ಕಳಿಗೆ ಯಕ್ಷಗಾನದ ಹೆಜ್ಜೆ ಕಲಿಸುವವರು. ಅವರಿಗೆ ಜಾಗ ಬೇಕಿತ್ತು. ಉಪ್ಪರಿಗೆಗೆ ಹತ್ತಿ, ಬಿಸಿಲಿನ ಚೌಕಗಳನ್ನು ನೋಡಿ, “ಇದು ಜಾಗ ಅಲ್ಲಮ್ಮ, ಇದು ರಂಗಸ್ಥಳ!” ಎಂದುಬಿಟ್ಟರು. ದೀಪಾವಳಿಗೆ ಇನ್ನು ಒಂಬತ್ತು ದಿನ. ಉಪ್ಪರಿಗೆ ಒಂದು ತುಂಬಿದರೆ ಮೇಘಕ್ಕನ ಬಾಯಿಗೆ ಬೀಗ. ತ್ರಿಶಲಾಳ ಮಗಳು ಸಾತ್ವಿಕಾ ಬೇರೆ, “ಅಮ್ಮಾ, ನಾನೂ ಕುಣೀತೇನೆ, ನಾನೂ ಕುಣೀತೇನೆ,” ಎಂದು ಸೆರಗು ಜಗ್ಗುತ್ತಿದ್ದಳು.

“ಭಾರ ಬೇಡ ಅಂತ ಅಪ್ಪ ಹೇಳಿದ್ದಲ್ವಾ?” ಎಂದ ಅಂಕಿತ್.

“ಮಕ್ಕಳು ಭಾರವಾ? ಮೂಟೆ ಏರಿಸುವುದಾ ನಾನು? ಎಂಟು ಹತ್ತು ವರ್ಷದ ಪಿಳ್ಳೆಗಳು!”

“ಆದರೂ ಒಂದು ಫೋನ್ ಮಾಡಿ ಕೇಳುವ…”

“ಕೇಳಿದರೆ ಬೇಡ ಅಂತಾರೆ. ಯಾಕೆ ಅಂತ ಹೇಳುವುದಿಲ್ಲ. ಈ ಮನೆಯಲ್ಲಿ ಕಾರಣ ಇಲ್ಲದ ‘ಬೇಡ’ ಎಷ್ಟು ಅಂತ ನಾನು ಕೇಳಿಕೊಂಡಿರಬೇಕು?” ಅವಳ ಕಣ್ಣು ತುಂಬಿತು. ಸಂದು, ಹುಡಿ, ಜತ್ತಪ್ಪನ ಮಾತು… ಎಲ್ಲವೂ ಒಮ್ಮೆ ಮನಸ್ಸಿನ ಬಾಗಿಲಿಗೆ ಬಂದು ನಿಂತವು. ಅವಳು ಬಾಗಿಲು ತೆರೆಯಲಿಲ್ಲ. ತರಗತಿಗೆ ಪುರಸಭೆಯ ಅನುಮತಿ ಕೇಳುವ ಅರ್ಜಿಯಲ್ಲಿ ‘ಕಟ್ಟಡ ಸುಸ್ಥಿತಿಯಲ್ಲಿದೆ’ ಎಂಬ ಸಾಲಿನ ಕೆಳಗೆ ತನ್ನ ಹೆಸರು ಬರೆದಳು.

ಇಪ್ಪತ್ತೆರಡು ಮಕ್ಕಳು. ಶನಿವಾರ ಮಧ್ಯಾಹ್ನ ಮೂರೂವರೆಗೆ ಮೊದಲ ತರಗತಿ. ಕೆಳಗೆ ಜಗಲಿಯಲ್ಲಿ ತಾಯಂದಿರು, ಅಜ್ಜಂದಿರು, ಪಾನಕದ ಲೋಟ. ಮೇಲೆ ಚೆಂಡೆ ಕೇಳಿದ್ದೇ ಬೀದಿಯೆಲ್ಲ ಕತ್ತೆತ್ತಿತು. ಮೊದಲು ನಿಂತಲ್ಲೇ ಹೆಜ್ಜೆ. ಹಲಗೆಯ ನೆಲ ಧಿಮಿಧಿಮಿ ಅಂದಿತು. ತ್ರಿಶಲಾ ಪಾತ್ರೆ ಅಂಗಡಿಯೊಳಗೆ ನಿಂತಿದ್ದಳು. ಸಾಲಾಗಿ ತೂಗುಹಾಕಿದ ಸೌಟುಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು.

ಅದೇ ಹೊತ್ತಿಗೆ ವೇಣೂರು ದಾರಿಯ ಬಸ್ಸಿನಿಂದ ವಿಜಯರಾಜರು ಇಳಿದಿದ್ದರು. ಇನ್ನೂ ಒಂದು ವಾರವಿತ್ತು. ಮಗಳ ಮನೆಯಲ್ಲಿ ಮನಸ್ಸು ನಿಲ್ಲಲಿಲ್ಲವಂತೆ. ಕಪ್ಪು ಕನ್ನಡಕ, ಕೈಯಲ್ಲಿ ಬಟ್ಟೆಯ ಚೀಲ, ಜೊತೆಗೆ ಬಿಡಲು ಬಂದ ಮೇಘಾ. ಪೇಟೆಯ ತಿರುವಿಗೆ ಬರುವಾಗ ಚೆಂಡೆ ಕೇಳಿತು. “ಎಲ್ಲಿ ಅದು?” ಎಂದರು. “ನಮ್ಮ ಉಪ್ಪರಿಗೆಯಲ್ಲೇ ಅಲ್ವಾ ಅಪ್ಪ? ನಿಮ್ಮ ಸೊಸೆಯ ನಾಟಕ!” ಎಂದಳು ಮೇಘಾ. ಅವಳ ಮಾತು ಮುಗಿಯುವ ಮೊದಲೇ ಚೀಲ ಬೀದಿಗೆ ಬಿದ್ದಿತ್ತು. ಎಪ್ಪತ್ತಾರು ವರ್ಷದ ಮನುಷ್ಯ ಓಡಿದರು! ನೆಲ ನೋಡದೆ, ಕಾಲ ಕೆಳಗೆ ಏನು ಬಿತ್ತು ಎಂದು ನೋಡದೆ…

“ಇಳಿಸು! ತ್ರಿಶಲಾ, ಮಕ್ಕಳನ್ನು ಇಳಿಸು! ಈಗಲೇ ಇಳಿಸು!”

“ಮಾವ… ಎಂತ ಆಯ್ತು?”

“ಕಂಬದಲ್ಲಿ ಮರ ಇಲ್ಲ! ಎಂಟು ವರ್ಷದಿಂದ ಗೆದ್ದಲು ತಿಂತಾ ಉಂಟು. ನನಗೆ ಗೊತ್ತಿತ್ತು… ನಾನೇ ಮುಚ್ಚಿಟ್ಟದ್ದು… ಇಳಿಸು ಮಗಳೇ, ಕೈಮುಗಿತೇನೆ!”

ಮೇಲೆ ಶೀನಪ್ಪ ಮಾಸ್ಟರ ಸ್ವರ ಕೇಳಿತು: “ಈಗ ಎಲ್ಲರೂ ಒಟ್ಟಿಗೆ ದಿಗಿಣ ಹಾರುವ, ಒಂದು… ಎರಡು…” ತ್ರಿಶಲಾ ಮೆಟ್ಟಿಲು ಹೇಗೆ ಹತ್ತಿದಳೋ ಅವಳಿಗೇ ಗೊತ್ತಿಲ್ಲ. “ನಿಲ್ಲಿ! ಯಾರೂ ಹಾರಬೇಡಿ!” ಎಂದು ಕಿರುಚಿದ ರಭಸಕ್ಕೆ ಚೆಂಡೆ ನಿಂತಿತು. ಆ ನಿಶ್ಶಬ್ದದಲ್ಲಿ ಕೆಳಗಿನಿಂದ ಒಂದು ಸದ್ದು ಬಂತು, ಒಣ ಬಿದಿರು ಸೀಳಿದ ಹಾಗೆ. ಒಬ್ಬೊಬ್ಬರನ್ನೇ, ಗೋಡೆಯ ಬದಿಯಿಂದ, ಓಡದ ಹಾಗೆ, ಕೈಹಿಡಿದು ಇಳಿಸಿದರು. ಒಂದು, ಎರಡು… ಹತ್ತು… ಇಪ್ಪತ್ತೊಂದು. ಕೊನೆಗೆ ಸಾತ್ವಿಕಾ. ತನ್ನ ಮಗಳನ್ನು ಎಲ್ಲರಿಗಿಂತ ಹಿಂದೆ ನಿಲ್ಲಿಸಿಕೊಂಡು ಇಳಿಸಿದ ಆ ತಾಯಿ, ಜಗಲಿಗೆ ಬಂದು ಇನ್ನೊಮ್ಮೆ ಎಲ್ಲ ಮಕ್ಕಳ ತಲೆ ಎಣಿಸಿದಳು.

ಒಳಗೆ ಮಾವ ನಡುಗಂಬವನ್ನು ಎರಡೂ ಕೈಯಿಂದ ತಬ್ಬಿ ನಿಂತಿದ್ದರು. ಹಲಗೆ ಸೀಳಿ, ಬಿಳಿ ಹುಳಗಳು ಅವರ ಮುಂಗೈಯ ಮೇಲೆ ಹರಿಯುತ್ತಿದ್ದವು.

“ಅಪ್ಪ, ಹೊರಗೆ ಬನ್ನಿ!” ಅಂಕಿತ್ ಕೂಗಿದ. ಕಾಲು ಮಾತ್ರ ಮುಂದೆ ಹೋಗಲಿಲ್ಲ.

“ನಾನು ಬಿಟ್ಟರೆ ಬೀಳ್ತದೆ… ನಾನು ಬಿಟ್ಟರೆ ಬೀಳ್ತದೆ…”

“ನೀವು ಹಿಡಿದರೆ ನಿಲ್ತದಾ ಧಣಿ? ಎಂಥ ಮಾತು!” ಯಾಕೂಬರು ತಮ್ಮ ಮಷಿನ್ ಬಿಟ್ಟು ಒಳಗೆ ನುಗ್ಗಿದರು. ಮುದುಕರನ್ನು ಸೊಂಟಕ್ಕೆ ಕೈಹಾಕಿ ಎತ್ತಿ, ಬಾಗಿಲ ಕಡೆಗೆ ದೂಡಿದರು. ಅಷ್ಟೇ. ಕಂಬ ಮಡಚಿಕೊಂಡಿತು. ತೊಲೆಯ ಒಂದು ತುದಿ, ಉಪ್ಪರಿಗೆಯ ಹಲಗೆ, ಹಂಚು, ಇಡೀ ಪಾತ್ರೆ ಅಂಗಡಿ ಒಂದೇ ಸಲ ಕಿರುಚಿಕೊಂಡ ಹಾಗೆ… ಧೂಳು ಇಳಿದಾಗ ಹಂಚಿನ ರಾಶಿಯಡಿಯಿಂದ “ಯಾ ಅಲ್ಲಾ… ನನ್ನ ಕಾಲು…” ಎಂಬ ಸಣ್ಣ ಸ್ವರ ಮಾತ್ರ ಕೇಳುತ್ತಿತ್ತು.

ಆಸ್ಪತ್ರೆಯ ಜಗಲಿಯಲ್ಲಿ ಸಂಜೆ ಐದೂವರೆಗೆ ಡಾಕ್ಟರು ಹೇಳಿದರು: ಜೀವಕ್ಕೆ ಭಯವಿಲ್ಲ, ಬಲಗಾಲು ಮೊಣಕಾಲಿನಿಂದ ಕೆಳಗೆ ಉಳಿಯುವುದಿಲ್ಲ. ಯಾಕೂಬರ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಗೋಡೆಗೆ ಒರಗಿದರು. ಮಷಿನ್ ತುಳಿದ ಕಾಲು ಅದು… ಮೂರು ಹೆಣ್ಣುಮಕ್ಕಳ ಮದುವೆ ಮಾಡಿದ ಕಾಲು ಅದು!

ಮೇಘಾಳಿಗೆ ಎಲ್ಲಿಂದ ಬಂತೋ ಅಷ್ಟು ವಿಷ! “ತಣ್ಣಗಾಯ್ತಾ ಈಗ? ಹಳೆ ಕಟ್ಟಡಕ್ಕೆ ಬಣ್ಣ ಬಳಿದು ಊರಿನವರನ್ನೆಲ್ಲ ಕರೆದು ಕೂರಿಸಿದೆಯಲ್ಲ! ನಿನ್ನ ಹಠಕ್ಕೆ ಒಬ್ಬನ ಕಾಲು ಹೋಯ್ತು. ಮಕ್ಕಳು ಹೋಗಿದ್ದರೆ? ಸಿದ್ಧಕಟ್ಟೆಯಿಂದ ಬರುವಾಗಲೇ ನಮ್ಮ ಮನೆಗೆ ಶನಿ ಕಟ್ಟಿಕೊಂಡು ಬಂದವಳು ನೀನು!”

ಅಂಕಿತ್ ಅಪ್ಪನ ಬಟ್ಟೆಯ ಚೀಲದ ಧೂಳನ್ನು ಒರೆಸುತ್ತಲೇ ಇದ್ದ. ಅಷ್ಟರಲ್ಲಿ ಠಾಣೆಯಿಂದ ಒಬ್ಬರು ಬಂದರು, ಕೈಯಲ್ಲಿ ಅವಳು ರುಜು ಹಾಕಿದ ಅರ್ಜಿಯ ಪ್ರತಿ. “ಸುಸ್ಥಿತಿಯಲ್ಲಿ ಉಂಟು ಅಂತ ಬರೆದದ್ದು ನೀವಾ? ಕಂಬ ಹಾಳಾದದ್ದು ಯಾರಿಗೆ ಗೊತ್ತಿತ್ತು?”

ಅವಳು ಮಾವನನ್ನು ನೋಡಿದಳು. ಮೂಲೆಯ ಬೆಂಚಿನಲ್ಲಿ, ಧೂಳು ಮೆತ್ತಿದ ಪಂಚೆಯಲ್ಲಿ, ಕನ್ನಡಕವಿಲ್ಲದ ಕಣ್ಣಿನಿಂದ ನೀರು ಸುರಿಸುತ್ತಾ ಕೂತ ಮುದಿಜೀವ. ಇಡೀ ಪೇಟೆ ‘ಪಡಿವಾಳರು ಸುಳ್ಳು ಹೇಳುವವರಲ್ಲ’ ಎನ್ನುತ್ತಿತ್ತು. ಆ ಹೆಸರೊಂದೇ ಅವರಿಗೆ ಉಳಿದ ಆಸ್ತಿ. ಅವರು ಕೂಗಿದ್ದು ಗಲಾಟೆಯಲ್ಲಿ ಎಷ್ಟು ಜನಕ್ಕೆ ಕೇಳಿತ್ತೋ ಇಲ್ಲವೋ…

“ನನಗೆ ಗೊತ್ತಿತ್ತು,” ಎಂದಳು ತ್ರಿಶಲಾ. “ಹುಡಿ ಬೀಳುವುದು ಕಂಡಿದ್ದೆ. ಸಂದು ಕಂಡಿದ್ದೆ. ಜತ್ತಪ್ಪಣ್ಣ ಹೇಳಿದ್ದರು. ಗೊತ್ತಿದ್ದೇ ಬರೆದದ್ದು. ತಪ್ಪು ನನ್ನದು ಸರ್…”

“ಸುಳ್ಳು!”

ವಿಜಯರಾಜರು ಗೋಡೆ ಹಿಡಿದುಕೊಂಡು ಎದ್ದು ನಿಂತಿದ್ದರು.

“ಅವಳು ಅರ್ಧ ಸುಳ್ಳು ಹೇಳ್ತಾಳೆ, ನನ್ನ ಮಾನ ಉಳಿಸ್ಲಿಕ್ಕೆ. ಬರೆದುಕೊಳ್ಳಿ. ಕಂಬಕ್ಕೆ ಗೆದ್ದಲು ಬಂದದ್ದು ನನ್ನ ಹೆಂಡತಿ ತೀರಿಕೊಂಡ ವರ್ಷ. ತಿಳಿದು ಯಾವ ಜೀವವನ್ನೂ ಕೊಲ್ಲುವುದಿಲ್ಲ, ಕೊಲ್ಲಿಸುವುದಿಲ್ಲ ಅಂತ ಆಗಷ್ಟೇ ವ್ರತ ಹಿಡಿದಿದ್ದೆ. ಮದ್ದು ಹಾಕಿಸಿದರೆ ಲಕ್ಷ ಜೀವ ಸಾಯ್ತದೆ. ಕಂಬ ಬದಲಿಸಿದರೂ ಸಾಯ್ತದೆ ಅಂತ ಹೆದರಿದೆ. ಯಾರನ್ನೂ ಕೇಳಲಿಲ್ಲ, ಮುನಿಗಳನ್ನೂ ಕೇಳಲಿಲ್ಲ. ಕೇಳಿದರೆ ಬದಲಿಸು ಅಂತ ಹೇಳಿಯಾರು ಅಂತಲೇ ಕೇಳಲಿಲ್ಲ. ಹಲಗೆ ಹೊಡೆಸಿ ಸ್ವಾಮಿಯ ಪಟ ಹಾಕಿದೆ… ಸ್ವಾಮಿಯನ್ನು ಕಾವಲಿಗೆ ನಿಲ್ಲಿಸಿದೆ ನಾನು! ದಿನಾ ಬೆಳಿಗ್ಗೆ ಕೈಮುಗಿಯುವ ಹಾಗೆ ನಿಂತು ಕೇಳ್ತಿದ್ದೆ, ಇನ್ನೆಷ್ಟು ಉಳಿದಿದೆ ಅಂತ. ನನ್ನ ಕಾಲ ಕಳೆದರೆ ಸಾಕು ಅಂತ ಇತ್ತು ಮನಸ್ಸಿನಲ್ಲಿ. ಹುಳದ ಜೀವ ಉಳಿಸಿದೆ ಅಂತ ಹೆಮ್ಮೆ ಬೇರೆ… ಮನುಷ್ಯನ ಕಾಲು ತಿಂದೆ!”

ಮೇಘಾ “ಅಪ್ಪಾ…” ಎಂದು ಹತ್ತಿರ ಬಂದಳು. ಅವರು ಅವಳ ಕೈ ಸರಿಸಿ, ಯಾಕೂಬರ ಹೆಂಡತಿಯ ಮುಂದೆ ಹೋಗಿ ನಿಂತರು. ಆ ಹೆಂಗಸಿನ ಕಾಲ ಬಳಿ ನೆಲಕ್ಕೆ ಹಣೆ ಹಚ್ಚಿದರು.

ಮರುದಿನ ಪ್ರಜ್ಞೆ ಬಂದ ಯಾಕೂಬರು ಮೊದಲು ಕೇಳಿದ್ದು ಮಕ್ಕಳನ್ನು. ಎಲ್ಲರೂ ಕ್ಷೇಮ ಎಂದು ತಿಳಿಯಿತು. “ಧಣಿ ಅಳಬಾರದು ಅಂತ ಹೇಳಿ,” ಎಂದರು ತ್ರಿಶಲಾಗೆ. ಸ್ವಲ್ಪ ಬಿಟ್ಟು, ಮುಖ ಗೋಡೆಗೆ ತಿರುಗಿಸಿ, “ಆದರೆ ಅಕ್ಕ… ಎಂಟು ವರ್ಷ ಅದರ ಬುಡದಲ್ಲೇ ಕೂತಿದ್ದೆ ನಾನು. ಒಂದು ಮಾತು ಹೇಳಬಹುದಿತ್ತು ನನಗೆ,” ಎಂದರು.

ದೀಪಾವಳಿ ಬಂತು, ಹೋಯಿತು. ಮಾರಾಟದ ಮಾತನ್ನು ಮೇಘಾ ಎತ್ತಲಿಲ್ಲ. ಠಾಣೆಗೆ ಮಾವ ಸೊಸೆ ಇಬ್ಬರೂ ಹೋಗಿ ಬಂದರು, ಇನ್ನೂ ಹೋಗಬೇಕು. ಉಪ್ಪರಿಗೆಯನ್ನು ಪೂರ್ತಿ ಇಳಿಸಿದರು. ಗಾಜಿನ ಹಂಚುಗಳನ್ನು ಕೆಳಗಿನ ಮಾಡಿಗೇ ಕೂರಿಸಿದರು. ಬೀದಿಯ ಕಡೆಯ ದೊಡ್ಡ ಅಂಗಡಿಯಿಂದ ಪಡಿವಾಳರ ಪಾತ್ರೆಗಳು ಹಿಂದಿನ ಮೂಲೆಗೆ ಹೋದವು. ತೆರವಾದ ಆ ಅಂಗಡಿ ಯಾಕೂಬರ ಹೆಸರಿಗೆ ಬರೆದದ್ದಾಯಿತು. ಅದರಲ್ಲಿ ಕೈಯಿಂದ ನಡೆಸುವ ಕರೆಂಟಿನ ಮಷಿನ್ ಬಂತು. ವಿಜಯರಾಜರೇ ಜತ್ತಪ್ಪನ ಮನೆಗೆ ನಡೆದು ಹೋಗಿ, ಬಾಗಿಲಿನಲ್ಲಿ ನಿಂತು ಕರೆದುಕೊಂಡು ಬಂದರು.

ಜತ್ತಪ್ಪ ಎಲ್ಲ ನೋಡಿ ಹೇಳಿದ: “ಕಬ್ಬಿಣದ ಕಂಬ ನಿಲ್ಲಿಸ್ತೇನೆ ಧಣಿ. ಆದರೆ ನೆಲದ ಅಡಿಯಲ್ಲಿ ಗೂಡು ಉಂಟು. ಉಳಿದ ಬಾಗಿಲು, ಮಾಡಿನ ಮರದ ಪಕ್ಕಾಸು ಎಲ್ಲ ಅದರ ಪಾಲಾಗ್ತದೆ. ಮದ್ದು ಸುರಿಯದೆ ಆಗುವುದಿಲ್ಲ. ನೀವು ಒಳಗೆ ಹೋಗಿ, ನೋಡುವುದು ಬೇಡ. ನಾನು ಮಾಡಿ ಮುಗಿಸ್ತೇನೆ.”

“ಕ್ಯಾನು ಇಲ್ಲಿ ಕೊಡು.”

“ಅಪ್ಪ, ನೀವು ಬೇಡ. ನಾನು ಸುರಿತೇನೆ,” ಎಂದ ಅಂಕಿತ್. ಈ ಸಲ ನಿಜವಾಗಿಯೂ ಮುಂದೆ ಬಂದಿದ್ದ.

“ನೀನು ಸುರಿದರೂ ಸುರಿಸಿದವ ನಾನೇ ಅಲ್ವಾ ಮಗ? ನನ್ನ ಕೈ ಶುದ್ಧ ಅಂತ ಎಂಟು ವರ್ಷ ಹೇಳಿಕೊಂಡು ತಿರುಗಿದ್ದು ಸಾಕು.”

ಅಗೆದ ಗುಂಡಿಯ ಅಂಚಿನಲ್ಲಿ ಅವರು ಕೂತರು. ಮಣ್ಣಿನ ಒಳಗೆ ಬಿಳಿಯಾಗಿ ಮಿಸುಕಾಡುತ್ತಿತ್ತು. ಕ್ಯಾನು ಎತ್ತಿದರು. ಮೊದಲ ಹನಿಗಳು ಅವರ ಪಂಚೆಯ ಮೇಲೇ ಬಿದ್ದವು. ಏಳು ದಶಕ ಇರುವೆಯನ್ನೂ ತುಳಿಯದ ಮನುಷ್ಯ ಕಣ್ಣು ಮುಚ್ಚಿ, ಏನನ್ನೋ ಗೊಣಗುತ್ತಾ, ಕ್ಯಾನನ್ನು ಬಗ್ಗಿಸಲಾರದೆ, ಕೆಳಗಿಡಲಾರದೆ ಕೂತುಬಿಟ್ಟರು… ಆಗ ಪಕ್ಕದಿಂದ ಇನ್ನೊಂದು ಕೈ ಬಂದು ಹಿಡಿಯನ್ನು ಹಿಡಿದುಕೊಂಡಿತು. ತ್ರಿಶಲಾ ಅವರ ಜೊತೆ ಮಣ್ಣಿನಲ್ಲೇ ಕೂತಿದ್ದಳು. ಇಬ್ಬರೂ ಒಟ್ಟಿಗೆ ಬಗ್ಗಿಸಿದರು. ಕ್ಯಾನು ಬರಿದಾಗುವವರೆಗೆ ಯಾರೂ ಕೈ ಬಿಡಲಿಲ್ಲ.

ಸಂಜೆ, ಬಿಸಿಲು ಇರುವಾಗಲೇ, ಸ್ನಾನ ಮಾಡಿ ಇಬ್ಬರೂ ಬಸದಿಗೆ ನಡೆದರು. ಒಳಗೆ ಆರತಿಯ ಗಂಟೆ ಕೇಳುತ್ತಿತ್ತು. ದಿನವೂ ಎಲ್ಲರಿಗಿಂತ ಮೊದಲು ಮೆಟ್ಟಿಲು ಹತ್ತುತ್ತಿದ್ದ ವಿಜಯರಾಜರು ಅವತ್ತು ಹೊರಗಿನ ಕಲ್ಲುಹಾಸಿನ ಮೇಲೆಯೇ ನಿಂತರು.

“ನೀನು ಒಳಗೆ ಹೋಗು ಮಗಳೇ. ನಾನು ಇಲ್ಲಿಂದಲೇ ಕೈಮುಗಿತೇನೆ. ವ್ರತ ಮುರಿದವ ನಾನು, ಇನ್ನು ನನಗೆ ಇಷ್ಟೇ.”

ಬಂದವರು ಹೋದವರು “ಜೈ ಜಿನೇಂದ್ರ ಪಡಿವಾಳರೆ, ಒಳಗೆ ಬರುವುದಿಲ್ಲವಾ?” ಎಂದು ಕೇಳಿ ದಾಟಿ ಹೋಗುತ್ತಿದ್ದರು. ತ್ರಿಶಲಾ ಒಂದು ಗಳಿಗೆ ಬಾಗಿಲಿನ ಒಳಗಿನ ದೀಪವನ್ನು ನೋಡಿದಳು. ಆಮೇಲೆ ಚಪ್ಪಲಿ ಬಿಟ್ಟು, ಸೆರಗು ಹೊದ್ದು, ಅವರ ಬಲಕ್ಕೆ ಬಂದು ಅದೇ ಕಲ್ಲಿನ ಮೇಲೆ ನಿಂತಳು.

“ನಿನ್ನದೇನುಂಟು? ನೀನು ಯಾಕೆ?” ಎಂದರು ಮಾವ.

“ಮಕ್ಕಳನ್ನು ಮೇಲೆ ಹತ್ತಿಸಿದ್ದು ನಾನು ಮಾವ.”

ಆರತಿ ಮುಗಿದು ಜನ ಇಳಿದು ಬರುವವರೆಗೂ ಇಬ್ಬರೂ ಅಲ್ಲೇ, ಕೈಮುಗಿದುಕೊಂಡು, ಹೊರಗೆ ನಿಂತಿದ್ದರು.